ಗೋಡೆಗೆ ಅಂಟಿಸಿದ ಗಾಜು

ಯಾರ ಮನೆಗೆ ಹೋದರೂ ಅವರು ಕೂರುವ ಮೊದಲು ಗೋಡೆಗೆ ಅಂಗೈ ಇಡುತ್ತಿದ್ದರು. ಬಲಗೈ. ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಉಳಿದ ಬೆರಳುಗಳನ್ನು ಅಗಲವಾಗಿ ಹರಡಿ, ಮಗುವಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುವ ಹಾಗೆ ಗೋಡೆಯನ್ನು ಒತ್ತಿ ನಿಲ್ಲುತ್ತಿದ್ದರು. ಮನೆಯವರು ಕೂತುಕೊಳ್ಳಿ ಎಂದರೆ “ಹಾಂ ಹಾಂ” ಎನ್ನುತ್ತಾ ಇನ್ನೊಂದು ಗೋಡೆಗೆ ಹೋಗುತ್ತಿದ್ದರು. ನಮ್ಮ ಮನೆಗೆ ಮೊದಲ ಸಲ ಬಂದಾಗ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, “ಅವರಿಗೆ ತಲೆ ಸುತ್ತತ್ತೇನೇ? ಗೋಡೆ ಹಿಡ್ಕೊಂಡೇ ಓಡಾಡ್ತಿದಾರೆ” ಎಂದು ಪಿಸುಗುಟ್ಟಿದಳು.

ಅವರಿಗೆ ತಲೆ ಸುತ್ತುತ್ತಿರಲಿಲ್ಲ. ಬಾಗಲಕೋಟೆ ಕಡೆಯ ಒಂದು ಸುಣ್ಣದ ಕಲ್ಲಿನ ಗಣಿಯಲ್ಲಿ ಮೂವತ್ತು ವರ್ಷ ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸ ಮಾಡಿದವರು. ನಿವೃತ್ತರಾದ ಮೇಲೆ ಹುಟ್ಟಿ ಬೆಳೆದ ಚಾಮರಾಜಪೇಟೆಗೇ ಹೆಂಡತಿಯ ಜೊತೆ ವಾಪಸು ಬಂದು ಬಾಡಿಗೆ ಮನೆ ಹಿಡಿದಿದ್ದರು. ಗಣಿಯ ಕಂಪನಿಯ ಬೆಂಗಳೂರು ಆಫೀಸು ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ರಸ್ತೆಯ ಒಂದು ಮಹಡಿಯಲ್ಲಿತ್ತು. ಗಣಿಯ ಪಕ್ಕದ ಊರಿನ ಮನೆಮನೆಯೂ ಇವರಿಗೆ ಗೊತ್ತು ಎಂಬ ಕಾರಣಕ್ಕೆ ಕಂಪನಿ ಇವರನ್ನು ಮತ್ತೆ ಕರೆದು ಅಲ್ಲಿ ಒಂದು ಕುರ್ಚಿ ಕೊಟ್ಟಿತ್ತು. ಆ ಕುರ್ಚಿಯ ಮೇಲೆ ಅವರು ಕೂತದ್ದಕ್ಕಿಂತ ಅದರ ಬೆನ್ನು ಹಿಡಿದು ನಿಂತದ್ದೇ ಹೆಚ್ಚು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವರು ಮದ್ದಿನ ಸಾರ್.

ನಾನು ಅಲ್ಲಿಗೆ ಸೇರಿದಾಗ ನನಗೆ ಇಪ್ಪತ್ತಾರು. ನಮ್ಮದು ಬಸವನಗುಡಿಯ ಗುಮಾಸ್ತರ ವಂಶ. ತಾತ, ಅಪ್ಪ ಇಬ್ಬರೂ ಬೇರೆಯವರ ಅರ್ಜಿಗಳಿಗೆ ಉತ್ತರ ಬರೆದೇ ಸಂಸಾರ ಸಾಗಿಸಿದವರು. ನನಗೂ ಅದೇ ಗಂಟುಬಿತ್ತು. ಗಣಿಯ ಪಕ್ಕದ ಊರಿನಿಂದ ಬರುವ ದೂರುಗಳನ್ನು ಓದಿ, ಮೇಲಿನವರಿಗೆ ಇಂಗ್ಲಿಷಿನಲ್ಲಿ ಎರಡು ಸಾಲು, ಊರಿನವರಿಗೆ ಕನ್ನಡದಲ್ಲಿ ಹತ್ತು ಸಾಲು ಬರೆಯಬೇಕು. ಜೋಳದ ಮೇಲೆ ಧೂಳು, ಬತ್ತಿದ ಬಾವಿ, ಶಾಲೆಯ ಮುಂದೆ ಲಾರಿ, ಗೋಡೆಯಲ್ಲಿ ಬಿರುಕು. ‘ತಮ್ಮ ಮನವಿಯನ್ನು ಪರಿಶೀಲಿಸಲಾಗುತ್ತಿದೆ’ ಎಂಬ ವಾಕ್ಯವನ್ನು ನಿದ್ದೆಗಣ್ಣಿನಲ್ಲೂ ಬರೆಯಬಲ್ಲವಳಾಗಿದ್ದೆ. ಮೊದಲ ತಿಂಗಳಲ್ಲೇ ಮದ್ದಿನ ಸಾರ್ ನನ್ನ ಮೇಜಿನ ಹತ್ತಿರ ನಿಂತು, “ಏನಮ್ಮ, ಇಷ್ಟೊಂದು ಪರಿಶೀಲನೆ ಮಾಡ್ತಿದೀಯ, ಒಂದ್ಸಲ ಊರು ನೋಡ್ಕೊಂಡು ಬರೋದಲ್ವಾ?” ಎಂದು ಕೇಳಿದರು. ನನಗೆ ಸಿಟ್ಟು ಬಂತು. ಹೇಳಿದ್ದು ನಿಜವಾಗಿತ್ತಲ್ಲ, ಅದಕ್ಕೇ ಬಂತು.

ಮಧ್ಯಾಹ್ನ ಒಂದೂವರೆ ಹತ್ತಿರವಾದರೆ ಅವರ ಕೈಕಾಲು ನಿಲ್ಲುತ್ತಿರಲಿಲ್ಲ. ಗಣಿಯಲ್ಲಿ ಬಂಡೆ ಸಿಡಿಸುವ ಹೊತ್ತು ಅದು. ಊಟದ ಡಬ್ಬಿ ಅರ್ಧಕ್ಕೆ ಮುಚ್ಚಿ ಕಿಟಕಿಗೆ ಹೋಗುತ್ತಿದ್ದರು. ಐದು ನಿಮಿಷ ತಡೆದು ಗಣಿಗೆ ಫೋನು. “ಆಯ್ತಾ? ಎಲ್ರೂ ಹೊರಗೆ ಬಂದ್ರಾ? ತಲೆ ಎಣಿಸಿದ್ರಾ?” ಆ ಕಡೆಯವರು ಬೈದುಕೊಂಡೇ ಉತ್ತರ ಕೊಡುತ್ತಿದ್ದರೇನೋ. ಅದನ್ನು ಕೇಳಿದ ಮೇಲೆಯೇ ಡಬ್ಬಿ ಮತ್ತೆ ತೆರೆಯುತ್ತಿತ್ತು. ಗಣಿಗೂ ಅವರಿಗೂ ನಡುವೆ ಅಷ್ಟು ದೂರ ಇದ್ದರೂ ಅವರ ಗಂಟಲಲ್ಲಿ ಅನ್ನ ಇಳಿಯುವುದು ಅಲ್ಲಿನ ಲೆಕ್ಕದ ಮೇಲೆಯೇ ನಿಂತಿತ್ತು.

ಕೊನೆಗೆ ಅವರೇ ನನ್ನನ್ನು ಊರಿಗೆ ಕರೆದುಕೊಂಡು ಹೋದರು. ಒಂದೂವರೆಗೆ ಸೈರನ್ ಕೂಗಿದ ತಕ್ಷಣ ಹೆಂಗಸರು ಒಲೆಯ ಮೇಲಿನ ರೊಟ್ಟಿ ಹಂಚು ಇಳಿಸುವುದು, ಮೇಷ್ಟ್ರು ಮಕ್ಕಳನ್ನು ಬೇವಿನ ಮರದ ಕೆಳಗೆ ಸಾಲಾಗಿ ನಿಲ್ಲಿಸುವುದು, ಎಮ್ಮೆಗಳು ತಾವೇ ಕಿವಿ ನಿಮಿರಿಸಿ ನಿಲ್ಲುವುದು ಎಲ್ಲ ನೋಡಿದೆ. ಆಮೇಲೆ ನೆಲದೊಳಗೆ ಯಾರೋ ಭಾರದ ಪೆಟ್ಟಿಗೆ ಎಳೆದ ಹಾಗೆ ಒಂದು ಅದುರು. ಬಿಳಿ ಧೂಳು ಎದ್ದು ನುಗ್ಗೆಗಿಡದ ಮೇಲೆ ಇಳಿಯುತ್ತದೆ. ಹಂಚು ಮತ್ತೆ ಒಲೆಗೆ ಏರುತ್ತದೆ. ಊರಿನ ಟ್ಯಾಂಕರ್ ನೀರು ಕಂಪನಿಯದು, ಬಸ್ ನಿಲ್ದಾಣದ ಚಪ್ಪರ ಕಂಪನಿಯದು, ಅರ್ಧ ಊರಿನ ಗಂಡಸರ ಖಾಕಿ ಅಂಗಿ ಕಂಪನಿಯದು. ಗೋಡೆಯ ಬಿರುಕು ಮಾತ್ರ ಯಾರದೆಂದು ತೀರ್ಮಾನವಾಗಿರಲಿಲ್ಲ.

ಅದಕ್ಕೆ ಅವರು ಗಾಜು ಅಂಟಿಸುತ್ತಿದ್ದರು. ಸುಲ್ತಾನ್‌ಪೇಟೆಯಲ್ಲಿ ಫೋಟೋಗೆ ಚೌಕಟ್ಟು ಹಾಕುವ ಅಂಗಡಿಯೊಂದರಲ್ಲಿ ಉಳಿದ ತೆಳು ಗಾಜನ್ನು ಬೆರಳಗಲದ ಪಟ್ಟಿಗಳಾಗಿ ಕೊಯ್ಯಿಸಿ, ಪಕ್ಕದ ಅಂಗಡಿಯ ತಪ್ಪಾಗಿ ಅಚ್ಚಾದ ಮದುವೆ ಕಾಗದಗಳಲ್ಲಿ ಸುತ್ತಿಸಿ ತರುತ್ತಿದ್ದರು. ಬಿರುಕಿಗೆ ಅಡ್ಡಲಾಗಿ ಪಟ್ಟಿ ಇಟ್ಟು ಎರಡೂ ತುದಿಗೆ ಪ್ಲಾಸ್ಟರ್ ಮೆತ್ತುವುದು. ಗಾಜು ಕೊಯ್ಯುವ ಪೆನ್ನಿನಿಂದ ಅದರ ಮೇಲೆಯೇ ಅಂದಿನ ತಾರೀಕು ಗೀಚುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. “ಗಾಜಿಗೆ ಕಂಪನೀನೂ ಗೊತ್ತಿಲ್ಲ, ಊರೂ ಗೊತ್ತಿಲ್ಲ. ನಾವಿಬ್ರೂ ಮಾತಾಡದೆ ಅದನ್ನ ಕೇಳೋಣ” ಎನ್ನುತ್ತಿದ್ದರು ಊರಿನವರಿಗೆ. ಪೊಟ್ಟಣ ಬಿಚ್ಚಿದಾಗಲೆಲ್ಲ ಯಾರಾದರೂ ಕಾಗದ ಓದಿ, “ಯಾರ ಲಗ್ನರೀ ಸಾಹೇಬ್ರ?” ಎಂದು ನಗುತ್ತಿದ್ದರು. ಹೆಂಗಸರು ಶುಕ್ರವಾರ ದೇವರ ಪೂಜೆ ಮುಗಿಸಿ ಆ ಗಾಜಿನ ಪಟ್ಟಿಗೂ ಕುಂಕುಮ ಹಚ್ಚುತ್ತಿದ್ದರು. ಅದು ಒಡೆಯದಿರಲಿ ಎಂದು ಬೇಡುತ್ತಿದ್ದರೋ, ಒಡೆದರೆ ನಿಜ ಹೇಳಲಿ ಎಂದು ಬೇಡುತ್ತಿದ್ದರೋ, ನಾನು ಕೇಳಲಿಲ್ಲ.

ಇನ್ನು ಮುಂದಿನದನ್ನು ಬರೆಯಲು ಕೂತು ಮೂರು ಸಲ ಎದ್ದೆ. ಗಿಡಕ್ಕೆ ನೀರು ಹಾಕಿದೆ, ಬೇಡದ ಕಾಫಿ ಮಾಡಿದೆ. ಬರೆಯದಿದ್ದರೆ ಅವರ ಈ ಚಿತ್ರಕ್ಕೆ ಅರ್ಥವಿಲ್ಲವಾದ್ದರಿಂದ ಬರೆಯುತ್ತೇನೆ.

ನಾನು ಸೇರಿದ ಎರಡನೆಯ ವರ್ಷ ಕಂಪನಿ ಗಣಿಯನ್ನು ಊರಿನ ಕಡೆಗೆ ಇನ್ನಷ್ಟು ಅಗೆಯಲು ಹೊರಟಿತು. ಅದಕ್ಕೆ ಮೊದಲು ಊರಿನ ಗಾಜುಗಳೆಲ್ಲ ಹೇಗಿವೆ ಎಂಬ ವರದಿ ಬೇಕಿತ್ತು. ಯುಗಾದಿ ಕಳೆದು ಕೆಲವೇ ದಿನ. ಮದ್ದಿನ ಸಾರ್ ಹೆಂಡತಿಗೆ ಕಣ್ಣಿನ ಆಪರೇಷನ್ ಆಗಿತ್ತು. ನಾನೊಬ್ಬಳೇ ಹೋಗಬೇಕಾಯಿತು. ಗಾಜಿನ ಪೊಟ್ಟಣದ ಜೊತೆ ತಮ್ಮ ಪೆನ್ನನ್ನೂ ನನ್ನ ಕೈಗೆ ಕೊಟ್ಟು, “ಬೀಳಿಸಬೇಡ ಕಣಮ್ಮ, ಇಪ್ಪತ್ತು ವರ್ಷದ್ದು” ಎಂದಿದ್ದರು.

ಊರಿನ ಅಂಚಿನಲ್ಲಿ, ಗಣಿಗೆ ತೀರ ಹತ್ತಿರದ ಮನೆ ಒಬ್ಬ ಅಜ್ಜಿಯದು. ಮಗ ಕಂಪನಿಯ ಲಾರಿ ಓಡಿಸುತ್ತಿದ್ದ. ಗಣಿಯ ಮ್ಯಾನೇಜರ ಜೊತೆ ನಾನು ಹೋದಾಗ ಅಜ್ಜಿ ಹೊಲಕ್ಕೆ ಹೋಗಿದ್ದಳು, ಮಗ ಬಾಗಿಲು ತೆರೆದ. ಹಬ್ಬಕ್ಕೆ ಸುಣ್ಣ ಬಳಿದ ಗೋಡೆ ಬೆಳ್ಳಗಿತ್ತು. ಅಜ್ಜಿ ಗಾಜಿನ ಮೇಲೂ ಸುಣ್ಣ ಬಳಿದಿದ್ದಳು. ನಾನು ಒಂದು ತುದಿಯಲ್ಲಿ ಉಗುರಿನಿಂದ ಕೆರೆದು ನೋಡಿದೆ. ಗಾಜು ಎರಡು ತುಂಡಾಗಿತ್ತು.

ಮ್ಯಾನೇಜರು ಬಗ್ಗಿ ನೋಡಿ, “ಸುಣ್ಣ ಬಳೀವಾಗ ಕೈ ತಾಗಿದೆ, ಅಷ್ಟೇ. ಹೊಸದು ಅಂಟಿಸ್ಬಿಡಿ ಮೇಡಂ, ಹಳೇ ತಾರೀಕೇ ಹಾಕಿ. ಇದೊಂದಕ್ಕೋಸ್ಕರ ವರದಿಯೆಲ್ಲ ಯಾಕೆ ಕೆಡಿಸ್ತೀರ?” ಎಂದರು. ಮಗ ತಲೆ ತಗ್ಗಿಸಿ ನಿಂತಿದ್ದ. ನಾನು ಅಂಟಿಸಿದೆ. ಮದ್ದಿನ ಸಾರ್ ಪೆನ್ನಿನಿಂದ, ಅವರ ಅಂಕೆಗಳ ಹಾಗೆಯೇ ಬಾಗಿಸಿ, ಹಳೆಯ ತಾರೀಕು ಗೀಚಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಒಡೆದ ತುಂಡುಗಳನ್ನು ಅಲ್ಲೇ ಬಿಸಾಡಿದರೆ ಬರಿಗಾಲಿನವರಿಗೆ ಚುಚ್ಚೀತು ಎಂದು ಮದುವೆ ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಅಷ್ಟು ಜಾಗ್ರತೆ ಇತ್ತು ನನಗೆ! ‘ಎಲ್ಲ ಗಾಜುಗಳೂ ಸರಿಯಾಗಿವೆ’ ಎಂದು ವರದಿ ಬರೆದು ಬೆಂಗಳೂರಿಗೆ ಬಂದೆ.

ಮರುದಿನ ಪೆನ್ನು ವಾಪಸು ಕೊಡಲು ಬ್ಯಾಗು ತೆರೆದಾಗ ಪೊಟ್ಟಣವೂ ಹೊರಗೆ ಬಂತು. ಮದ್ದಿನ ಸಾರ್ ಅದನ್ನು ಬಿಚ್ಚಿ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಇದು ಯಾರ ಮನೇದು?”

“ಅಂಚಿನ ಮನೆ ಅಜ್ಜೀದು ಸಾರ್. ಸುಣ್ಣ ಬಳೀವಾಗ ಕೈ ತಾಗಿ ಒಡೆದಿದೆಯಂತೆ.”

“ಅಂತ ಅಜ್ಜಿ ಹೇಳಿದ್ಳಾ?”

“ಮ್ಯಾನೇಜರ್ ಹೇಳಿದ್ರು.”

ಅವರು ಎರಡೂ ತುಂಡುಗಳನ್ನು ನನ್ನ ಮುಂದೆ ಇಟ್ಟರು. “ಸುಣ್ಣ ಗಾಜಿನ ಮೇಲಿದೆ. ಒಡೆದ ಅಂಚಲ್ಲಿ ಎಲ್ಲಿದೆ, ತೋರ್ಸು.”

ಇರಲಿಲ್ಲ. ಬಳಿಯುವಾಗಲೇ ಒಡೆದಿದ್ದರೆ ಹಸಿ ಸುಣ್ಣ ಸೀಳಿನೊಳಗೆ ಇಳಿದು ಅಂಚು ಬೆಳ್ಳಗಾಗಿರಬೇಕಿತ್ತು. ಅಂಚು ಈಗ ತಾನೆ ಕೊಯ್ದ ಹಾಗೆ ತಿಳಿಯಾಗಿತ್ತು. ಮೇಲಿನ ಸುಣ್ಣದ ಪದರವೂ ಗಾಜಿನ ಜೊತೆಗೇ, ಅದೇ ಗೆರೆಯಲ್ಲಿ ಬಿರಿದಿತ್ತು. ಸುಣ್ಣ ಒಣಗಿದ ಮೇಲೆ ಗಾಜು ಒಡೆದಿದೆ. ಅಂದರೆ ಗೋಡೆ ಸರಿದಿದೆ, ಅದೂ ಹಬ್ಬದ ಆಚೆ ಈಚೆಗೆ.

“ಹೊಸದರ ಮೇಲೆ ಯಾವ ತಾರೀಕು ಹಾಕಿದೀಯ?”

“ಹಳೇದೇ ಸಾರ್.”

“ನನ್ನ ಪೆನ್ನಲ್ಲೇನಾ?”

ತಲೆಯಾಡಿಸಿದೆ. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎದ್ದು ಕಿಟಕಿಗೆ ಹೋದರು, ಬಂದರು, ಮತ್ತೆ ಹೋದರು. “ಸಂಜೆ ಬಸ್ಸಿಗೆ ಹೊರಡೋಣ. ಅಮ್ಮಂಗೆ ಫೋನ್ ಮಾಡು” ಎಂದರು.

“ನೀವೇ ಹೋಗ್ಬಿಟ್ಟು ಬನ್ನಿ ಸಾರ್. ನನ್ನ ಕೈಲಾಗಲ್ಲ.”

“ಅಂಟಿಸಿದ್ದು ನೀನು. ಕೀಳೋದೂ ನೀನೇ. ಅಜ್ಜಿ ಮುಂದೆ.”

ಅವರ ಮೇಲೆ ನನಗೆ ದ್ವೇಷವೇ ಹುಟ್ಟಿತು ಆಗ. ಕಲಾಸಿಪಾಳ್ಯದ ಬಸ್ ನಿಲ್ದಾಣಕ್ಕೆ ಹೋಗುವ ಮೊದಲು ಅವರ ಮನೆಗೆ ಹೋದೆವು. ಅವರ ಹೆಂಡತಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಚಪಾತಿ ಸುತ್ತಿ ಕೊಟ್ಟು, “ಹೋಗ್ಬನ್ನಿ, ಹನಿ ಹಾಕೋಕೆ ಪಕ್ಕದ್ಮನೆಯವರು ಇದಾರೆ. ಇವರನ್ನ ಇಲ್ಲಿ ಕೂರಿಸಿದ್ರೆ ನಂಗೆ ಇನ್ನೊಂದು ಕಣ್ಣೂ ಹೋಗತ್ತೆ” ಎಂದರು. ಬಸ್ಸಿನಲ್ಲಿ ಮದ್ದಿನ ಸಾರ್ ಕಾಲು ಮಡಿಚಿ, ನೀಡಿ, ಬ್ಯಾಗನ್ನು ಮೇಲಿಟ್ಟು, ಇಳಿಸಿ ಒದ್ದಾಡಿದರು. ತುಮಕೂರು ಬರುವ ಮೊದಲೇ, ನನ್ನ ಕಡೆ ತಿರುಗದೆ ಹೇಳಿದರು: “ನಾನೂ ಒಂದ್ಸಲ ಹಿಂಗೇ ಅಂಟಿಸಿದ್ದೆ ಕಣಮ್ಮ. ಆಮೇಲೆ ಆ ಗೋಡೆ ಬಿತ್ತು, ಕೊಟ್ಟಿಗೇಲಿದ್ದ ಎಮ್ಮೆ ಸತ್ತೋಯ್ತು. ಸದ್ಯ, ಎಮ್ಮೆ ತಾನೇ ಅಂತ ಎಲ್ರೂ ಸಮಾಧಾನ ಮಾಡಿದ್ರು. ನಾನೂ ಮಾಡ್ಕೊಂಡೆ. ಅವತ್ತಿಂದ ಯಾವ ಗೋಡೆ ಕಂಡ್ರೂ ಕೈ ಹೋಗತ್ತೆ.”

ಬೆಳಿಗ್ಗೆ ಅಜ್ಜಿ ರೊಟ್ಟಿ ತಟ್ಟುತ್ತಿದ್ದಳು. ನನ್ನ ಗುಮಾಸ್ತರ ವಂಶದ ಭಾಷೆಯೆಲ್ಲ ಅಲ್ಲಿ ಕೈಕೊಟ್ಟಿತು. “ಅಜ್ಜಿ, ನಿಮ್ಮ ಗಾಜು ಒಡೆದಿತ್ತು. ನಾನು ಹೊಸದು ಅಂಟಿಸಿ ಹಳೇ ತಾರೀಕು ಬರೆದೆ” ಎಂದೆ.

“ನಾ ಹಗುರಕ ಅರಿಬೀಲೆ ಸುಣ್ಣಾ ಹಚ್ಚೀನವ್ವಾ. ಅದನ್ನ ಬಿಟ್ರ ಗ್ವಾಡಿ ಬೋಳು ಕಾಣತಿತ್ತು.”

“ನಿಮ್ಮ ಕೈಯಿಂದ ಒಡೆದಿಲ್ಲ ಅಜ್ಜಿ. ಗೋಡೆ ಸರಿದಿದೆ.”

ಅವಳು ಹಿಟ್ಟಿನ ಕೈಯಲ್ಲೇ ಗೋಡೆಯನ್ನೂ, ಅದರ ಬುಡದಲ್ಲಿದ್ದ ಹಾಸಿಗೆಯನ್ನೂ ನೋಡಿದಳು. “ಮತ್ತ ನಾ ದಿನಾ ಇದರ ಬುಡಕ ಮಲಗತೀನಲ್ಲವ್ವಾ” ಎಂದಳು. ಅಷ್ಟೇ. ಅದರಲ್ಲಿ ಕೋಪ ಇರಲಿಲ್ಲ. ಗೊತ್ತಿಲ್ಲದ ಸಂಗತಿಯೊಂದನ್ನು ನನಗೆ ತಿಳಿಸಿದ ಹಾಗಿತ್ತು. ಇಂದಿಗೂ ಆ ಮಾತು ನೆನಪಾದರೆ ಕೂತಲ್ಲಿ ಕೂರಲಾರೆ.

ಮಗ ಓಡಿ ಬಂದ. “ಬರೀಬ್ಯಾಡ್ರಿ ಮೇಡಂ, ನಾಳೆ ನನಗ ಗಾಡಿ ಕೊಡಂಗಿಲ್ಲ ಅವರು” ಎಂದ. ಅವನ ಅನ್ನವೂ ಗಣಿಯದು, ಅವನ ತಾಯಿಯ ತಲೆಯ ಮೇಲಿನ ಬಿರುಕೂ ಗಣಿಯದು. ಅವನನ್ನು ತಪ್ಪು ಎನ್ನುವ ಮುಖ ನನಗಿರಲಿಲ್ಲ. ಮದ್ದಿನ ಸಾರ್ ಅವನ ಹೆಗಲು ಹಿಡಿದು, “ಗಾಡಿ ಬಗ್ಗೆ ನಾನು ಮಾತಾಡ್ತೀನಪ್ಪ. ಮೊದ್ಲು ಅವ್ವನ ಹಾಸಿಗೆ ಆ ಕಡೆಗೆ ಹಾಕು” ಎಂದರು. ನಾನು ಉಳಿಯಿಂದ ಗಾಜು ಕಿತ್ತೆ. ನಾನು ಅಂಟಿಸಿದ ಗಾಜು ಒಡೆಯದೆ ಹಾಗೇ ಇತ್ತು. ಸುದ್ದಿ ಕೇಳಿ ಬಂದ ಮ್ಯಾನೇಜರು ಅದನ್ನು ನೋಡಿ ನಕ್ಕರು. ಮಧ್ಯಾಹ್ನ ಸೈರನ್ ಆದಾಗ ಮದ್ದಿನ ಸಾರ್ ಎಲ್ಲರನ್ನೂ ಅಂಗಳಕ್ಕೆ ಕಳಿಸಿ, ಹೊರಗಿನಿಂದ ಗೋಡೆಗೆ ಅಂಗೈ ಇಟ್ಟು, ಪಕ್ಕದಲ್ಲಿ ನನ್ನ ಅಂಗೈಯನ್ನೂ ಇರಿಸಿದರು. ಅದುರು ಬಂದದ್ದು ಕಾಲಿನಿಂದಲ್ಲ, ಗೋಡೆಯಿಂದ. ನೆಲದ ಅದುರು ನಿಂತರೂ ಗೋಡೆಯದು ನಿಂತದ್ದು ಒಂದು ಕ್ಷಣ ತಡವಾಗಿ.

ಊರಿನ ದೂರಿನ ಪುಸ್ತಕದಲ್ಲಿ ಅವರೇ ಬರೆದರು: ‘ಗೋಡೆ ಸರಿದು ಗಾಜು ಒಡೆದಿದೆ. ಹೊಸ ಗಾಜಿಗೆ ನನ್ನ ಪೆನ್ನಿನಿಂದ ಹಳೆಯ ತಾರೀಕು ಹಾಕಲಾಗಿದೆ. ಹೊಣೆ ನನ್ನದು.’ ಕೆಳಗೆ ಸಹಿ.

“ಸಾರ್, ನನ್ನ ಹೆಸರು?”

“ಪೆನ್ನು ನಂದು ತಾನೇ?”

ನಾನು ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ನಿಜ ಹೇಳಬೇಕೆಂದರೆ ಉಸಿರು ಸರಾಗವಾಯಿತು.

ಆ ಪುಸ್ತಕ ಮೇಲಿನವರ ಮುಂದೆ ಹೋಯಿತು. ಊರಿನ ಕಡೆಗೆ ಅಗೆಯುವುದನ್ನು ದೂರದಲ್ಲೇ ನಿಲ್ಲಿಸಿದರು, ಒಂದು ಸಲಕ್ಕೆ ತುಂಬುವ ಮದ್ದನ್ನು ಕಡಿಮೆ ಮಾಡಿದರು, ಗೊಣಗುತ್ತಲೇ ಅಜ್ಜಿಯ ಗೋಡೆ ಕೆಡವಿ ಕಟ್ಟಿಸಿಕೊಟ್ಟರು. ಮಗನಿಗೆ ತಿಂಗಳ ಮೇಲೆ ಗಾಡಿ ಇರಲಿಲ್ಲ, ಆಮೇಲೆ ಕೊಟ್ಟರು. ಮದ್ದಿನ ಸಾರ್ ಮಾತ್ರ ಬೇಡವಾದರು. ‘ತಮ್ಮ ದೀರ್ಘ ಸೇವೆಯನ್ನು ಕೃತಜ್ಞತೆಯಿಂದ ಸ್ಮರಿಸಲಾಗುತ್ತದೆ’ ಎಂಬ ಪತ್ರವನ್ನು ಟೈಪ್ ಮಾಡಿದವಳು ನಾನೇ. ಆಫೀಸಿನಲ್ಲಿ ಪತ್ರ ಬರೆಯುವವಳು ನಾನೊಬ್ಬಳೇ ಅಲ್ಲವೇ? ಅವರು ನಿಂತುಕೊಂಡೇ ಓದಿ, “ಪರಿಶೀಲಿಸಲಾಗುತ್ತಿದೆ ಅಂತ ಹಾಕಿಲ್ವಲ್ಲ, ಸದ್ಯ” ಎಂದು ನಕ್ಕು ಡಬ್ಬಿ ಎತ್ತಿಕೊಂಡರು. ನಾನು ಬಚ್ಚಲಿಗೆ ಹೋಗಿ ಅತ್ತೆ. ಕೆಲಸ ಬಿಡಲಿಲ್ಲ. ಎರಡು ವರ್ಷದ ಮೇಲೆ ಬಿಟ್ಟೆ, ಅದೂ ಇನ್ನೊಂದು ಸಿಕ್ಕಿತು ಎಂದು.

ಶನಿವಾರ ಅವರ ಮನೆಗೆ ಹೋಗುವುದು ರೂಢಿಯಾಯಿತು. ಆ ವಿಷಯ ಅವರು ಎಂದೂ ಎತ್ತಲಿಲ್ಲ. ಒಂದೂವರೆಯಾದರೆ ಎದ್ದು ಬಾಗಿಲಿಗೆ ಹೋಗಿ ನಿಲ್ಲುವುದು ಮಾತ್ರ ಹಾಗೇ ಇತ್ತು, ಫೋನು ಮಾಡಲು ಈಗ ಯಾರೂ ಇರಲಿಲ್ಲ. ಹೋದ ವರ್ಷ ಅವರ ಪಕ್ಕದ ಹಳೆಯ ಮನೆ ಕೆಡವಿ ದೊಡ್ಡ ಕಟ್ಟಡಕ್ಕೆ ನೆಲಮಾಳಿಗೆ ತೋಡತೊಡಗಿದರು. ಕೆಳಗೆ ಬಂಡೆ ಸಿಕ್ಕಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಂಡೆ ಒಡೆಯುವ ಯಂತ್ರದ ಸದ್ದು. ಇವರಿಗೆ ಮನೆಯಲ್ಲೇ ಗಣಿ ಸಿಕ್ಕಿದಂತಾಯಿತು. ಹೋಗಿ ಜಗಳವಾಡಿದರು. “ಯಜಮಾನ್ರೇ, ಹಿಂಗೆಲ್ಲ ಹೆದರಿದ್ರೆ ಬೆಂಗಳೂರಲ್ಲಿ ಕಟ್ಟೋಕಾಗತ್ತಾ?” ಎಂದು ಕಳಿಸಿದರು. ಹಾಲಿನ ಗೋಡೆಯಲ್ಲಿ, ಹೆಂಡತಿ ಮಲಗುವ ದಿವಾನದ ಮೇಲ್ಗಡೆ ಒಂದು ಸಣ್ಣ ಬಿರುಕು ಕಂಡ ದಿನ ಅವರು ಸುಲ್ತಾನ್‌ಪೇಟೆಗೆ ಹೋಗಿ ಗಾಜು ತಂದು ಅಂಟಿಸಿದರು.

ಈ ವರ್ಷ ಜ್ವರವೆಂದು ಆಸ್ಪತ್ರೆಗೆ ಸೇರಿದವರು ಹಿಂದಿರುಗಲಿಲ್ಲ. ನಾನು ನೋಡಲು ಹೋದಾಗ ಸೂಜಿ ಚುಚ್ಚಿದ ಬಲಗೈ ಮಂಚದಾಚೆ ಚಾಚಿ ವಾರ್ಡಿನ ಗೋಡೆ ಮುಟ್ಟಿಕೊಂಡಿತ್ತು. “ಎಲ್ಲೋ ಲಿಫ್ಟ್ ಕೆಲಸ ನಡೀತಿದೆ” ಎಂದರು. ಹೊರಡುವಾಗ, “ಗಾಜು ನೋಡ್ಕೋತಿರು” ಎಂದರು. ಮತ್ತೆ ಮಾತಾಡಲು ಸಿಗಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ಬಂದವರೆಲ್ಲ ಹೊರಟಿದ್ದರು. ಅವರ ಹೆಂಡತಿ ದಿವಾನದ ಮೇಲೆ ಕೂತಿದ್ದರು. ಎದುರುಗೋಡೆಯ ಮೇಲೆ ಅವರ ಫೋಟೋ, ಹಾರ. ನಾನು ದಿವಾನದ ಮೇಲಿನ ಗೋಡೆಯತ್ತ ಬಗ್ಗಿದೆ. ಗಾಜು ಸೀಳಿತ್ತು.

ಹೆಂಡತಿಯ ತಮ್ಮ ಮಲ್ಲೇಶ್ವರದಿಂದ ಬಂದವರು ಅಲ್ಲೇ ಇದ್ದರು. “ಫೋಟೋಗೆ ಮೊಳೆ ಹೊಡೀವಾಗ ಒಡೆದಿರ್ಬೇಕು, ಬಿಡಿ” ಎಂದರು. ಅಂಥದೇ ಮಾತನ್ನು ನಾನು ಹಿಂದೆ ಕೇಳಿದ್ದೆ.

“ನೀನು ಹೇಳಮ್ಮ” ಎಂದರು ಅವರ ಹೆಂಡತಿ. “ಕೊನೇವರೆಗೂ ಈ ಮನೇಲೇ ಇರ್ತೀನಿ ಅಂತ ಅವರಿಗೆ ಹೇಳಿದೀನಿ. ಸರಿ ಇದೆ ತಾನೇ?”

ಸರಿ ಇದೆ ಎಂದುಬಿಡೋಣ ಅನ್ನಿಸಿತು. ಇವತ್ತೊಂದು ದಿನ. ನಾಳೆ ಹೇಳಿದರಾಯಿತು. ನನ್ನ ಬಲಗೈ ಆಗಲೇ ಗೋಡೆಯ ಮೇಲಿತ್ತು, ಯಾವಾಗ ಹೋಯಿತೋ ಗೊತ್ತಿಲ್ಲ. ಪಕ್ಕದಲ್ಲಿ ಯಂತ್ರ ಶುರುವಾಯಿತು. ಗೋಡೆ ಅಂಗೈಯೊಳಗೆ ಅದುರಿತು.

“ಸರಿ ಇಲ್ಲ ಆಂಟಿ. ಗೋಡೆ ಸರಿದಿದೆ. ಈ ಗೋಡೆ ಕೆಳಗೆ ನೀವು ಮಲಗಬಾರದು.”

ಅವರು ಫೋಟೋ ಕಡೆ ನೋಡಿದರು. ಆಮೇಲೆ ಎದ್ದು, ಸೆರಗು ಸಿಕ್ಕಿಸಿ, ದಿವಾನದ ಒಂದು ತುದಿಗೆ ಹೋಗಿ ಬಗ್ಗಿದರು.

“ಹಿಡಿ ಹಾಗಾದ್ರೆ” ಎಂದರು. ನಾನು ಇನ್ನೊಂದು ತುದಿ ಹಿಡಿದೆ.